ಕೊಡಗಿನ ಮನೆಯೊಂದರಲ್ಲಿ ಗುಂಡಿನ ಅಚ್ಚು

ಬೆಂಗಳೂರು ನಗರದಿಂದ ಮೈಸೂರಿನ ಕಡೆಗೆ ಹೊರಟವರಿಗೆ, ಕೆಂಗೇರಿಯು ದೊರೆಯುವುದಕ್ಕೆ ಮುಂಚೆ ಬಲಗಡೆಯಲ್ಲಿ ಜ್ಞಾನಭಾರತಿಯು ಎದುರಾಗುತ್ತದೆ. 1964ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾನಿಲಯವು 1973ರಲ್ಲಿ ಇಲ್ಲಿಗೆ ಬಂದು ನೆಲೆಸಿತು. ಸಾವಿರ ಎಕರೆಗೂ ಮಿಕ್ಕ ಆ ಆವರಣದಲ್ಲಿ ಇಂದು ಗಿಡಮರಗಳು ದಟ್ಟವಾಗಿ ಬೆಳೆದಿವೆ. ಅದರ ಸುತ್ತಲೂ ಬಡಾವಣೆಗಳು ಹಬ್ಬಿವೆ. 2021ರ ಆಗಸ್ಟ್ ತಿಂಗಳಿನಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೆ ಓಡತೊಡಗಿದಂದಿನಿಂದ ಜ್ಞಾನಭಾರತಿಗೂ ಒಂದು ನಿಲ್ದಾಣವಾಗಿದೆ. ನಾವು ವಾಸವಾಗಿರುವುದು ಈ ಬಡಾವಣೆಗಳಲ್ಲೊಂದರಲ್ಲಿ. ಇಲ್ಲಿ ಒಂದೇ ಬೀದಿಯಲ್ಲಿ ಹಾಸನದವರು, ಧಾರವಾಡದವರು, ಮಂಗಳೂರಿನವರು, ಕೊಡಗಿನವರು ಎಲ್ಲರೂ ಅಕ್ಕಪಕ್ಕದಲ್ಲಿ ಸಂಸಾರ ಹೂಡಿರುವುದರಿಂದ, ನಾಡನ್ನೆಲ್ಲ ಸುತ್ತಬೇಕೆಂಬ ಆಸೆಯುಳ್ಳವರಿಗೆ ಆಹ್ವಾನಗಳ ಕೊರತೆಯಿಲ್ಲ.

ನಮ್ಮ ನೆರೆಯವರು ಸೈನ್ಯದಿಂದ ನಿವೃತ್ತರಾದ ಕೊಡವ ಮಹನೀಯರು. ಆಗಸ್ಟ್ ತಿಂಗಳ ಕೊನೆಯಲ್ಲಿ ಅವರು, "ಈ ವರ್ಷ ನಮ್ಮ ಕೈಲ್ ಪೊಳ್ದಿಗೆ ನೀವೂ ಬರಬೇಕು, ನಮ್ಮ ಅಣ್ಣನವರು ಹಳೆಯ ಆಯುಧಗಳನ್ನೆಲ್ಲ ಹೊರಕ್ಕೆ ತೆಗೆಯುತ್ತಾರೆ" ಎಂದು ಕರೆದರು. ಗದ್ದೆಯ ನಾಟಿಯ ಕೆಲಸವು ಮುಗಿದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್ 3ರ ಸುಮಾರಿಗೆ, ಕೊಡವರು ಆಚರಿಸುವ ಆಯುಧಗಳ ಹಬ್ಬವೇ ಕೈಲ್ ಪೊಳ್ದ್. ಕೈಲ್ ಮುಹೂರ್ತವೆಂದೂ ಇದನ್ನು ಕರೆಯುವರು. ನಾವು ಸಂತೋಷದಿಂದ ಒಪ್ಪಿಕೊಂಡೆವು.

ಬೆಳಗಿನ ಜಾವದಲ್ಲಿ ಹೊರಟೆವು. 2023ರ ಮಾರ್ಚ್ ತಿಂಗಳಿನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಹೊರಹೊರಗೇ ದಾಟಿಸಿಬಿಡುತ್ತದೆ. ವೇಗವೇನೋ ಲಭಿಸಿತು, ಆದರೆ ಹಾದಿಯ ಊರುಗಳ ಮುಖದರ್ಶನವು ತಪ್ಪಿತು. ಆದುದರಿಂದ ಶ್ರೀರಂಗಪಟ್ಟಣದಲ್ಲಾದರೂ ಇಳಿಯೋಣವೆಂದು ಹೆದ್ದಾರಿಯನ್ನು ಬಿಟ್ಟು ಊರೊಳಕ್ಕೆ ಹೋದೆವು. ಅಲ್ಲಿ ರೈಲು ನಿಲ್ದಾಣದ ಸಮೀಪದಲ್ಲಿ ಟಿಪ್ಪು ಸುಲ್ತಾನನ ಕಾಲದ ಒಂದು ಮದ್ದಿನ ಮನೆಯಿದೆ. ಜೋಡಿ ಹಳಿ ಹಾಕುವುದಕ್ಕೆ ಅದು ಅಡ್ಡವಾಗಿದ್ದುದರಿಂದ, 2017ರಲ್ಲಿ ಆ ಇಡೀ ಕಟ್ಟಡವನ್ನು ಒಡೆಯದೆ ಬುಡಸಮೇತ ಎತ್ತಿ, ಸುಮಾರು ನೂರು ಮೀಟರಿನಷ್ಟು ದೂರ ಸರಿಸಿ ಕುಳ್ಳಿರಿಸಿದರು. ಇಟ್ಟಿಗೆ ಗಾರೆಯ ಆ ಮುದಿ ಕಟ್ಟಡವು ಬಿರುಕು ಬಿಡದೆ ನಿಂತಿರುವುದು ನೋಡತಕ್ಕ ಸಂಗತಿಯೇ ಸರಿ. 1799ರ ಮೇ 4ರಂದು ಕೋಟೆಯು ಬಿದ್ದಾಗ ಇಂತಹ ಮನೆಗಳಲ್ಲಿ ಕೂಡಿಟ್ಟಿದ್ದ ಮದ್ದು ಗುಂಡುಗಳಾವುವೂ ರಾಜ್ಯವನ್ನು ಉಳಿಸಲಾರದೆ ಹೋದುವು.

ಅಲ್ಲಿಂದ ಮೈಸೂರು, ಹುಣಸೂರುಗಳನ್ನು ದಾಟಿ, ಆನೆಚೌಕೂರಿನ ಬಳಿ ಕಾಡನ್ನು ಹೊಕ್ಕು, ತಿತಿಮತಿ, ಗೋಣಿಕೊಪ್ಪಲುಗಳ ಮಾರ್ಗವಾಗಿ ವಿರಾಜಪೇಟೆಯ ಕಡೆಗೆ ಸಾಗಿದೆವು. ಮಳೆ ಇನ್ನೂ ಪೂರ್ತಿಯಾಗಿ ಬಿಟ್ಟಿರಲಿಲ್ಲ. ಕಾಫಿಯ ತೋಟಗಳ ಮೇಲೆ ಹೊಗೆಯಂತಹ ಮಂಜು ತಂಗಿತ್ತು. ತಗ್ಗಿನಲ್ಲಿ ಹೊಸದಾಗಿ ನಾಟಿಯಾದ ಗದ್ದೆಗಳು ಹಸುರು ಹಾಸಿದಂತಿದ್ದುವು. ನಮ್ಮ ನೆರೆಯವರ ಐನ್‌ಮನೆಯು, ಎಂದರೆ ಮನೆತನದ ಮೂಲಮನೆಯು, ಗದ್ದೆಗಳನ್ನು ನೋಡುವ ದಿಣ್ಣೆಯ ಮೇಲಿದೆ. ಕೆತ್ತನೆಯ ಕಂಬಗಳ ಜಗಲಿಯನ್ನು ಏರಿ ಒಳಗೆ ಕಾಲಿಟ್ಟರೆ ನೆಲ್ಲಕ್ಕಿ ನಡುಬಾಡೆ. ಹಿರಿಯರನ್ನು ನೆನೆದು ದೀಪವನ್ನು ಹಚ್ಚುವ ನಡುಮನೆಯದು. ಎಂಬತ್ತು ದಾಟಿದ ಹಿರಿಯರು ಕೈಜೋಡಿಸಿ, "ದಾರಿ ಸುಖವಾಯಿತೇ? ಮೊದಲು ಕಾಫಿ ಕುಡಿಯಿರಿ, ಮಾತು ಆಮೇಲೆ" ಎಂದು ಸತ್ಕರಿಸಿದರು.

ಕೊಡವರಿಗೂ ಕೋವಿಗೂ ಇರುವ ನಂಟನ್ನು ವಾಚಕರು ಕೇಳಿಯೇ ಇರುವರು. ಗಂಡು ಮಗು ಹುಟ್ಟಿದಾಗ ಆಕಾಶಕ್ಕೆ ಗುಂಡು. ಮನೆಯಲ್ಲಿ ಸಾವಾದಾಗ ಊರಿಗೆ ತಿಳಿಸಲು ಗುಂಡು. ಪುತ್ತರಿಯ ದಿನ ಗದ್ದೆಯಲ್ಲಿ ಮೊದಲ ಕದಿರನ್ನು ಕೊಯ್ಯುವಾಗಲೂ ಗುಂಡು. ಕೊಡಗು 1834ರಲ್ಲಿ ಇಂಗ್ಲಿಷರ ವಶವಾಯಿತು. 1857ರ ದಂಗೆಯ ತರುವಾಯ ದೇಶದಲ್ಲೆಲ್ಲ ಜನರಿಂದ ಆಯುಧಗಳನ್ನು ಕಿತ್ತುಕೊಂಡಾಗ, 1861ರಲ್ಲಿ ಕಮೀಷನರ್ ಮಾರ್ಕ್ ಕಬ್ಬನ್ ಸಾಹೇಬರು ಕೊಡವರಿಗೆ ವಿನಾಯಿತಿಯನ್ನು ಕೊಟ್ಟರು. ಸ್ವಾತಂತ್ರ್ಯಾನಂತರ ಬಂದ 1959ರ ಆಯುಧ ಕಾನೂನಿನ ಕೆಳಗೂ, 1963ರ ಪ್ರಕಟಣೆಯ ಮೂಲಕ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಈ ರಿಯಾಯಿತಿಯು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರವು ಇದನ್ನು 2029ರವರೆಗೆ ವಿಸ್ತರಿಸಿದೆ. ಇದು ಸಮಾನತೆಗೆ ವಿರುದ್ಧವೆಂದು ಹೂಡಲಾದ ಮೊಕದ್ದಮೆಯಲ್ಲಿ 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ವಿನಾಯಿತಿಯನ್ನು ಎತ್ತಿಹಿಡಿಯಿತು.

ಆಯುಧಗಳನ್ನೆಲ್ಲ ಚಾಪೆಯ ಮೇಲೆ ಹರಡಿದ್ದರು. ಒಡಿಕತ್ತಿ, ಪೀಚೆಕತ್ತಿ, ಎರಡು ತೋಟಾ ಕೋವಿಗಳು, ಮತ್ತು ಬಾಯಿಯಿಂದ ಮದ್ದು ತುಂಬುವ ಒಂದು ಹಳೆಯ ಕೇಪಿನ ಕೋವಿ. ಇವುಗಳ ಪಕ್ಕದಲ್ಲಿ ಅಡಕೊತ್ತನ್ನು ಹೋಲುವ ಕಬ್ಬಿಣದ ಒಂದು ಉಪಕರಣವಿತ್ತು. ಎರಡು ಹಿಡಿಗಳು, ನಡುವೆ ಒಂದು ಕೀಲು. ತುದಿಯಲ್ಲಿ ಅಲಗಿನ ಬದಲು ಎರಡು ದಪ್ಪ ಗಟ್ಟಿಗಳು. ಹಿರಿಯರು ಅದನ್ನು ಬಿಚ್ಚಿ ತೋರಿಸಿದರು. ಪ್ರತಿಯೊಂದು ಗಟ್ಟಿಯಲ್ಲಿಯೂ ಅರ್ಧ ನೆಲ್ಲಿಕಾಯಿ ಕೂರುವಷ್ಟು ನುಣ್ಣನೆಯ ಗುಳಿ. ಎರಡನ್ನು ಮುಚ್ಚಿದರೆ ಒಳಗೆ ಒಂದು ಪೂರ್ಣಗೋಳ. ಮೇಲ್ಗಡೆ ಹೊಯ್ಯುವುದಕ್ಕೆ ಸಣ್ಣದೊಂದು ಬಾಯಿ. ಅದು ಅವರ ಅಜ್ಜನವರ ಕಾಲದ ಗುಂಡಿನ ಅಚ್ಚು. ಅಂಗಡಿಯಿಂದ ತೋಟಾಗಳು ಬರುವುದಕ್ಕೆ ಮುಂಚೆ ಆ ಮನೆಯವರು ಸೀಸವನ್ನು ಕರಗಿಸಿ ತಮ್ಮ ಗುಂಡುಗಳನ್ನು ತಾವೇ ಎರೆದುಕೊಳ್ಳುತ್ತಿದ್ದರು.

ಇಲ್ಲಿ ವಾಚಕರಿಗೆ ಒಂದು ಸ್ವಾರಸ್ಯವನ್ನು ಹೇಳಬೇಕು. 'ಹನ್ನೆರಡು ಬೋರಿನ ಕೋವಿ' ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಆ ಹನ್ನೆರಡು ಅಂಗುಲವೂ ಅಲ್ಲ, ಗೆರೆಯೂ ಅಲ್ಲ. ಒಂದು ಪೌಂಡು, ಎಂದರೆ ಸುಮಾರು 454 ಗ್ರಾಂ ಸೀಸವನ್ನು ಹನ್ನೆರಡು ಸಮನಾದ ಗುಂಡುಗಳಾಗಿ ಎರೆದರೆ, ಅವುಗಳಲ್ಲೊಂದು ಸರಿಯಾಗಿ ಹಿಡಿಯುವಂತಹ ನಳಿಕೆಯೇ ಹನ್ನೆರಡು ಬೋರು. ಒಂದೊಂದು ಗುಂಡು ಸುಮಾರು 38 ಗ್ರಾಂ ತೂಗುತ್ತದೆ. ಅಡ್ಡಳತೆ ಸುಮಾರು 18.5 ಮಿಲಿಮೀಟರು. ಇಪ್ಪತ್ತು ಬೋರೆಂದರೆ ಇಪ್ಪತ್ತು ಗುಂಡು; ಆದುದರಿಂದಲೇ ಅಂಕಿ ಹೆಚ್ಚಿದಷ್ಟೂ ನಳಿಕೆಯು ಕಿರಿದಾಗುವುದು. ಮನೆಯಲ್ಲಿ ಗುಂಡು ಎರೆಯುತ್ತಿದ್ದ ಕಾಲದ ಲೆಕ್ಕವು ಇಂದಿಗೂ ಕೋವಿಗಳ ಹೆಸರಿನಲ್ಲಿ ಉಳಿದುಕೊಂಡಿದೆ. ಹಕ್ಕಿಗಳಿಗೆ ಬಳಸುವ ಸಣ್ಣ ಚರೆಗೆ ಅಚ್ಚು ಒದಗುವುದಿಲ್ಲ. ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ಬೀಳಿಸಿದರೆ, ಹನಿಗಳು ಬೀಳುತ್ತಲೇ ದುಂಡಗಾಗಿ ಕೆಳಗಿನ ನೀರಿನಲ್ಲಿ ಗಟ್ಟಿಯಾಗುವುವೆಂಬುದನ್ನು ಕಂಡುಕೊಂಡು, ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿಲಿಯಂ ವಾಟ್ಸ್ ಎಂಬವನು 1782ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು.

ಎರಕದ ಕ್ರಮವನ್ನು ಹಿರಿಯರು ಹೀಗೆ ವಿವರಿಸಿದರು. ಸೀಸವು ಸುಮಾರು 327 ಡಿಗ್ರಿಯಲ್ಲಿ ಕರಗುತ್ತದೆ. ಬಾಯಿಯಿಂದ ತುಂಬುವ ಕೋವಿಯ ಗುಂಡಿಗೆ ಮೃದುವಾದ ಶುದ್ಧ ಸೀಸವೇ ಆಗಬೇಕು. ಕರಗಿದ ಮೇಲೆ ಒಂದು ಚೂರು ಮೇಣವನ್ನು ಹಾಕಿ ಕದಡಿ, ಮೇಲೆ ತೇಲುವ ಕಿಟ್ಟವನ್ನು ಸಟ್ಟುಗದಿಂದ ತೆಗೆಯುವುದು. ಅಚ್ಚಿನ ಗುಳಿಗಳನ್ನು ದೀಪದ ಹೊಗೆಗೆ ಹಿಡಿದು ತೆಳ್ಳಗೆ ಮಸಿ ಕಟ್ಟಿಸಿದರೆ ಗುಂಡು ಅಂಟಿಕೊಳ್ಳುವುದಿಲ್ಲ. ಅಚ್ಚು ತಣ್ಣಗಿದ್ದರೆ ಸೀಸವು ಗುಳಿಯನ್ನು ತುಂಬುವ ಮೊದಲೇ ಹೆಪ್ಪುಗಟ್ಟಿ ಗುಂಡಿನ ಮೈ ಸುಕ್ಕಾಗುವುದು. ಮಿತಿಮೀರಿ ಕಾದಿದ್ದರೆ ಮೈಮೇಲೆ ಮಂಜು ಕವಿದಂತಾಗಿ, ಗಟ್ಟಿಯಾಗಲು ಬಹಳ ಹೊತ್ತು ಹಿಡಿಯುವುದು. ಆದುದರಿಂದ ಮೊದಲ ನಾಲ್ಕಾರು ಗುಂಡುಗಳು ಅಚ್ಚನ್ನು ಹದಕ್ಕೆ ತರುವುದಕ್ಕೆಂದೇ ಮೀಸಲು. ಅವು ಮತ್ತೆ ಮೂಸೆಗೇ ಹೋಗುವುವು.

"ಹೊಯ್ಯುವುದನ್ನು ಯಾರು ಬೇಕಾದರೂ ಕಲಿಯಬಹುದು, ಬಿಚ್ಚುವುದೇ ಕಷ್ಟ" ಎಂದು ಹಿರಿಯರು ಹೇಳಿದರು. ಬಾಯಿಯ ಮೇಲೆ ನಿಂತ ಸೀಸವು ಮೊದಲು ಕನ್ನಡಿಯಂತೆ ಹೊಳೆಯುತ್ತದೆ. ಕೆಲವು ಕ್ಷಣಗಳಲ್ಲಿ ಆ ಹೊಳಪು ಮಾಸಿ, ನಡುವೆ ಸಣ್ಣ ತಗ್ಗು ಬೀಳುತ್ತದೆ. ಸೀಸವು ಗಟ್ಟಿಯಾಗುವಾಗ ಕುಗ್ಗುವುದೇ ಇದಕ್ಕೆ ಕಾರಣ. ಆ ಮೇಲೂ ಸ್ವಲ್ಪ ತಾಳಿ, ಬಾಯಿಯಲ್ಲಿ ಉಳಿದ ತೊಟ್ಟನ್ನು ಕತ್ತರಿಸಿ, ಹಿಡಿಗಳನ್ನು ಮೆಲ್ಲನೆ ಅಗಲಿಸಬೇಕು. ಅವಸರಪಟ್ಟರೆ ಒಳಗಿನ ಮೆತ್ತನೆಯ ಸೀಸವು ಹರಿದು ಅಚ್ಚಿನ ಮೈಗೆ ಬಳಿದುಕೊಳ್ಳುವುದು. ಗುಂಡು ಬೀಳದೆ ಹೋದರೆ ಗಟ್ಟಿಗಳ ಮೇಲೆ ಎಂದಿಗೂ ಹೊಡೆಯಕೂಡದು. ಕೀಲಿನ ಮೇಲೆ ಮರದ ತುಂಡಿನಿಂದ ಹಗುರಾಗಿ ತಟ್ಟಿದರೆ ಸಾಕು. ಉಕ್ಕಿನ ಮೊನೆಯಿಂದ ಮೀಟಿದರೆ ಗುಳಿಯ ಅಂಚು ಕೆಟ್ಟು, ಮುಂದೆ ಎರೆಯುವ ಪ್ರತಿಯೊಂದು ಗುಂಡಿಗೂ ಅದೇ ಗಾಯವು ಮೂಡುವುದು. ಬೀಳುವ ಗುಂಡಿಗೆ ಮಡಿಸಿದ ಬಟ್ಟೆಯ ಹಾಸಿಗೆ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನೀರಿನ ಒಂದು ಹನಿಯೂ ಹತ್ತಿರ ಸುಳಿಯಕೂಡದು. ಕರಗಿದ ಸೀಸದೊಳಕ್ಕೆ ತೇವವು ಸೇರಿದರೆ ಅದು ಒಡನೆಯೇ ಆವಿಯಾಗಿ ಸಿಡಿದು, ಬೆಂಕಿಯಂತಹ ಲೋಹವನ್ನು ಮುಖದ ಮೇಲೆ ಎರಚುವುದು.

ಇಷ್ಟನ್ನು ಕೇಳುತ್ತ ಕುಳಿತಿದ್ದ ಅವರ ಮಗಳ ಮಗನು, ಹದಿನೆಂಟರ ತರುಣ, "ಅಜ್ಜ, ನಾಳೆಯ ಹಬ್ಬಕ್ಕೆ ನಾಲ್ಕು ಗುಂಡನ್ನಾದರೂ ಎರೆಯೋಣ. ನೀವಿರುವಾಗಲೇ ನಾನು ಕಲಿಯಬೇಕು" ಎಂದನು. ಹಿರಿಯರ ಮುಖದಲ್ಲಿ ಆಸೆಯು ಸ್ಪಷ್ಟವಾಗಿ ಕಾಣಿಸಿತು. ತಮ್ಮ ನಂತರ ಆ ಅಚ್ಚನ್ನು ಹಿಡಿಯಬಲ್ಲ ಕೈ ಮನೆಯಲ್ಲಿ ಮತ್ತೊಂದಿರಲಿಲ್ಲ. ಆಗ ಬಾಗಿಲ ಬಳಿ ನಿಂತಿದ್ದ ಅವರ ಸೊಸೆ ಮಾತನಾಡಿದರು. ಆಕೆ ಶಾಲೆಯ ಉಪಾಧ್ಯಾಯಿನಿ. ಮೂರು ವರ್ಷದ ಮಗಳು ಸೆರಗನ್ನು ಹಿಡಿದು ನಿಂತಿದ್ದಳು. ಇನ್ನೊಂದು ಮಗುವಿನ ನಿರೀಕ್ಷೆಯಲ್ಲಿದ್ದರು.

"ಮಾವ, ಹಬ್ಬ ಬೇಡವೆಂದು ನಾನು ಹೇಳುವುದಿಲ್ಲ. ಅಚ್ಚು ಬೇಡವೆಂದೂ ಹೇಳುವುದಿಲ್ಲ. ಈ ಮನೆಯಲ್ಲಿ ಸೀಸ ಕಾಯಿಸುವುದು ಮಾತ್ರ ಬೇಡ."

ಕೆಲವು ನಿಮಿಷ ಯಾರೂ ಮಾತನಾಡಲಿಲ್ಲ. ಹಿರಿಯರ ಮಾತಿಗೆ ಎದುರಾಡುವುದು ಆ ಮನೆಯ ಪದ್ಧತಿಯಲ್ಲವೆಂಬುದು ನಮಗೂ ತಿಳಿಯುವಂತಿತ್ತು. ತರುಣನು, "ಹಿಂದಿನವರೆಲ್ಲ ಎರೆದರಲ್ಲ, ಅತ್ತೆ, ಅವರಿಗೆ ಏನಾಯಿತು?" ಎಂದನು. ಆಕೆ ಕೋಪಗೊಳ್ಳಲಿಲ್ಲ. "ಏನಾಯಿತೆಂದು ಅಳೆದು ನೋಡಿದವರಾರು? ಅಂದಿನವರಿಗೆ ಗೊತ್ತಿರಲಿಲ್ಲ, ನಮಗೆ ಗೊತ್ತಿದೆ" ಎಂದಷ್ಟೇ ಹೇಳಿದರು.

ಆಕೆಯ ಮಾತಿನಲ್ಲಿ ಸತ್ಯವಿತ್ತು. ದೇಹಕ್ಕೆ ಇಷ್ಟು ಸೀಸ ಸೇರಿದರೆ ಬಾಧಕವಿಲ್ಲವೆಂದು ಹೇಳಬಹುದಾದ ಪ್ರಮಾಣವು ಯಾವುದೂ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಹೊಟ್ಟೆಗೆ ಹೋದ ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಾಲು ಹೆಚ್ಚಾಗಿ ಎಳೆಯ ಮಕ್ಕಳ ದೇಹವು ಹೀರಿಕೊಳ್ಳುತ್ತದೆ. ಬೆಳೆಯುತ್ತಿರುವ ಮೆದುಳಿಗೆ ಅದರಿಂದಾದ ಹಾನಿಯು ಮತ್ತೆ ಸರಿಹೋಗುವುದಿಲ್ಲ. ತಾಯಿಯ ಎಲುಬಿನಲ್ಲಿ ವರ್ಷಗಟ್ಟಲೆ ಅಡಗಿದ್ದ ಸೀಸವು ಗರ್ಭಿಣಿಯಾದಾಗ ರಕ್ತಕ್ಕೆ ಇಳಿದು ಶಿಶುವನ್ನು ಮುಟ್ಟುವುದೂ ಉಂಟು. ಎರಕದಲ್ಲಿ ಆವಿಗಿಂತಲೂ ಹೆಚ್ಚು ಅಪಾಯಕರವಾದುದು ಬೂದಿಯಂತಹ ಕಿಟ್ಟದ ಧೂಳು. ಅದು ಕೈಗೆ, ಬಟ್ಟೆಗೆ, ಅಂಗಳದ ಮಣ್ಣಿಗೆ ಅಂಟಿ, ಅಲ್ಲಿಂದ ಅಂಬೆಗಾಲಿಡುವ ಮಗುವಿನ ಬೆರಳಿಗೂ, ಬೆರಳಿನಿಂದ ಬಾಯಿಗೂ ಸೇರುವುದು. ಈ ವಿಷಯವಾಗಿ ಜನರನ್ನು ಎಚ್ಚರಿಸಲು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿಯೇ ಸೀಸದ ವಿಷಬಾಧೆಯನ್ನು ಕುರಿತ ಒಂದು ರಾಷ್ಟ್ರೀಯ ಕೇಂದ್ರವು ಏರ್ಪಟ್ಟಿತು. 2000ದ ಇಸವಿಯಲ್ಲಿ ದೇಶದ ಪೆಟ್ರೋಲಿನಿಂದ ಸೀಸವನ್ನು ತೆಗೆದುಹಾಕಿದುದೂ ಈ ಕಾರಣಕ್ಕಾಗಿಯೇ.

ಹಿರಿಯರು ಅಚ್ಚನ್ನು ಬಹಳ ಹೊತ್ತು ಕೈಯಲ್ಲಿ ತಿರುಗಿಸುತ್ತ ಕುಳಿತಿದ್ದರು. ಕೊನೆಗೆ ಸೊಸೆಯನ್ನು ನೋಡಿ, "ಜೇನುಮೇಣ ಇದೆಯೇನಮ್ಮ?" ಎಂದು ಕೇಳಿದರು.

ಕೊಡಗಿನ ಮನೆಯಲ್ಲಿ ಜೇನುಮೇಣಕ್ಕೆ ಬರವೇ? ಆಕೆಯೇ ಒಳಗಿನಿಂದ ಒಂದು ಉಂಡೆಯನ್ನು ತಂದುಕೊಟ್ಟರು. ಬಿಸಿನೀರಿನ ಪಾತ್ರೆಯೊಳಗೆ ಸಣ್ಣ ಬಟ್ಟಲನ್ನಿಟ್ಟು ಮೇಣವನ್ನು ಕರಗಿಸಿದರು. ಅದಕ್ಕೆ 65 ಡಿಗ್ರಿಯಷ್ಟು ಶಾಖವೇ ಸಾಕು. ಹಳೆಯ ಸೀಸದ ಲೇಪವು ಉಳಿದಿರಬಹುದೆಂದು ಹಿರಿಯರು ಅಚ್ಚನ್ನು ತಾವೇ ಹೊರಗೆ ಕೊಂಡೊಯ್ದು, ಎಣ್ಣೆಯ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಬೇರೆಯಾಗಿ ಕಟ್ಟಿಟ್ಟರು. ಮಗುವನ್ನು ಒಳಕ್ಕೆ ಕಳುಹಿಸಿದರು. ಜಗಲಿಯ ತುದಿಯಲ್ಲಿ ಪಾಠವು ಆರಂಭವಾಯಿತು.

"ಸೀಸಕ್ಕೆ ಅಚ್ಚು ಬೆಚ್ಚಗಿರಬೇಕು, ಮೇಣಕ್ಕೆ ತಣ್ಣಗಿರಬೇಕು. ಸೀಸಕ್ಕೆ ನೀರು ಶತ್ರು. ಮೇಣಕ್ಕೆ ನೀರು ಮಿತ್ರ. ಇದೆರಡನ್ನು ತಿರುವುಮುರುವು ಮಾಡಬೇಡ. ಉಳಿದುದೆಲ್ಲ ಒಂದೇ" ಎಂದರು. ತರುಣನು ಹೊಯ್ದನು, ನಡುವಿನಲ್ಲಿ ತಗ್ಗು ಬಿದ್ದುದನ್ನು ಕಂಡು ಇನ್ನಷ್ಟು ಹನಿಸಿದನು, ಹಳದಿಯ ಮೇಣವು ಮಬ್ಬಾದುದೇ ತಡ, ಹಿಡಿಗಳನ್ನು ಅಗಲಿಸಿಬಿಟ್ಟನು. ಹೊರಗಿನ ತೊಗಟೆಯು ಒಡೆದು ಒಳಗಿನ ಬಿಸಿಮೇಣವು ಅವನ ಕೈಮೇಲೆಯೇ ಇಳಿಯಿತು. "ಇದು ಸೀಸವಾಗಿದ್ದರೆ?" ಎಂದು ಹಿರಿಯರು ಒಂದೇ ಮಾತು ಕೇಳಿದರು. ಹುಡುಗನು ಉತ್ತರ ಹೇಳದೆ ಅಚ್ಚನ್ನು ಒರೆಸಿಕೊಂಡನು. ಎರಡನೆಯ ಸಲ ಹೊಯ್ದು, ಮುಚ್ಚಿದ ಅಚ್ಚನ್ನು ತಣ್ಣೀರಿನಲ್ಲಿ ಹಿಡಿದು, ಅಜ್ಜನು ತಲೆಯಾಡಿಸುವವರೆಗೂ ಕಾದನು. ತೊಟ್ಟನ್ನು ಕೊಯ್ದು, ಕೀಲಿನ ಮೇಲೆ ಮರದ ತುಂಡಿನಿಂದ ಒಂದು ಸಲ ತಟ್ಟಿ ಬಿಚ್ಚಿದಾಗ, ಕಾಡುನೆಲ್ಲಿಯಂತಹ ದುಂಡನೆಯ ಗುಂಡೊಂದು ಬಟ್ಟೆಯ ಮೇಲೆ ಉರುಳಿತು. ಸಂಜೆಯಾಗುವುದರೊಳಗೆ ಹನ್ನೊಂದು ಗುಂಡುಗಳಾದುವು. ಕೊನೆಯ ಮೂರರಲ್ಲಿ ಎರಡು ಗಟ್ಟಿಗಳ ಸಂದಿನ ಗೆರೆಯು ಕೂದಲಿನಷ್ಟು ತೆಳ್ಳಗೆ ಬಂದಿತ್ತು. ಹಿರಿಯರು ಅವನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಜೇಬಿನಲ್ಲಿ ಹಾಕಿಕೊಂಡರು. ಅಚ್ಚನ್ನು ಒಲೆಯ ಶಾಖದಲ್ಲಿ ಚೆನ್ನಾಗಿ ಒಣಗಿಸಿ, ತುಕ್ಕು ಹಿಡಿಯದಂತೆ ಎಣ್ಣೆ ಸವರುವ ಕೆಲಸವನ್ನೂ ಹುಡುಗನಿಂದಲೇ ಮಾಡಿಸಿದರು.

ಮರುದಿನ ಆಯುಧಗಳನ್ನು ದೇವರ ಕೋಣೆಯಲ್ಲಿ ಸಾಲಾಗಿ ಇರಿಸಿ, ಗಂಧವಿಟ್ಟು, ತೋಕ್ ಪೂವಿನಿಂದ ಅಲಂಕರಿಸಿದರು. ಕೆಂಪು ಹಳದಿಯ ಎಸಳುಗಳುಳ್ಳ ಈ ಕಾಡುಹೂವಿಗೆ ಕೋವಿಯ ಹೂವೆಂದೇ ಹೆಸರು. ಕೋವಿಗಳ ಕಾಲಬಳಿ ಅಚ್ಚಿಗೂ ಒಂದು ಹೂವು ದೊರೆಯಿತು. ಕಡುಂಬುಟ್ಟಿನ ಊಟವಾದ ಮೇಲೆ ಊರವರೆಲ್ಲ ಬಯಲಿನಲ್ಲಿ ನೆರೆದರು. ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಒಬ್ಬೊಬ್ಬರಾಗಿ ಗುರಿಯಿಟ್ಟರು. ಹೆಂಗಸರೂ ಹಿಂದೆ ಬೀಳಲಿಲ್ಲ. ಹಿಂದೆ ಈ ಹಬ್ಬವಾದೊಡನೆ ಬೇಟೆಗೆ ಹೊರಡುತ್ತಿದ್ದರಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಬೇಟೆಯು ನಿಂತು, ತೆಂಗಿನಕಾಯಿಯೇ ಕೋವಿಗೆ ಗುರಿಯಾಗಿ ಉಳಿದಿದೆ. ಅದರಿಂದ ಹಬ್ಬದ ಕಳೆಯೇನೂ ಕುಂದಿದಂತೆ ನಮಗೆ ತೋರಲಿಲ್ಲ.

ಈ ಲೇಖನವನ್ನು ಓದುವ ಗೃಹಸ್ಥರಿಗೆ ಎರಡು ಮಾತು ಹೇಳುವುದು ಅವಶ್ಯ. ಪರವಾನಗಿಯಿಲ್ಲದೆ ಮದ್ದುಗುಂಡುಗಳನ್ನು ತಯಾರಿಸುವುದು ಆಯುಧ ಕಾನೂನಿನ ಪ್ರಕಾರ ಅಪರಾಧ. ಆದುದರಿಂದ ಮೇಲಿನ ವಿವರವು ತಿಳಿವಳಿಕೆಗಾಗಿಯೇ ಹೊರತು ಪ್ರಯೋಗಕ್ಕಾಗಿ ಅಲ್ಲ. ಆದರೆ ಸೀಸವು ಗುಂಡಿನ ರೂಪದಲ್ಲಿ ಮಾತ್ರವೇ ಮನೆಯನ್ನು ಹೊಗುವುದಿಲ್ಲ. ಹಳೆಯ ಬ್ಯಾಟರಿ, ಉದುರುತ್ತಿರುವ ಹಳೆಯ ಬಣ್ಣ, ಮೀನಿನ ಬಲೆಯ ತೂಕದ ಗುಂಡು ಇವುಗಳಲ್ಲಿಯೂ ಅದು ಇರುತ್ತದೆ. ಪಾತ್ರೆಗೆ ಕಲಾಯಿ ಹಾಕಿಸುವಾಗ ಶುದ್ಧ ತವರವನ್ನೇ ಕೇಳಿ ಹಾಕಿಸಬೇಕು. ತವರದಲ್ಲಿ ಸೀಸವು ಬೆರೆತಿದ್ದರೆ ಹುಣಿಸೆಯ ಹುಳಿಯೊಡನೆ ಅದು ಸಾರಿಗೇ ಇಳಿಯುವುದು. ಸೀಸದ ವಸ್ತುವನ್ನು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಮಗುವನ್ನು ಎತ್ತಿಕೊಳ್ಳಬಾರದು.

ಹಳೆಯ ಮನೆತನಗಳಲ್ಲಿ ಇಂತಹ ಎಷ್ಟೋ ಉಪಕರಣಗಳು ಮೂಲೆ ಸೇರಿವೆ. ಅವನ್ನು ಗುಜರಿಗೆ ಹಾಕುವವರೂ ಉಂಟು. ಹಿಂದಿನಂತೆಯೇ ನಡೆಯಬೇಕೆಂದು ಹಠ ಹಿಡಿದು ಮನೆಯಲ್ಲಿ ಮನಸ್ತಾಪವನ್ನು ತಂದುಕೊಳ್ಳುವವರೂ ಉಂಟು. ನಾವು ಕಂಡ ಮನೆಯಲ್ಲಿ ಹಿರಿಯರು ಸೊಸೆಯ ಮಾತಿಗೆ ಬೆಲೆ ಕೊಟ್ಟರು. ಸೊಸೆಯು ಮೇಣವನ್ನು ತಾನೇ ತಂದುಕೊಟ್ಟು ಮಾವನವರ ಆಸೆಯನ್ನು ನಡೆಸಿದರು. ಹುಡುಗನು ತಾಳ್ಮೆಯನ್ನು ಕಲಿತನು. ಪುತ್ತರಿಯ ಹೊತ್ತಿಗೆ ಅವನು ಇನ್ನಷ್ಟು ಮೇಣದ ಗುಂಡುಗಳನ್ನು ಎರೆದನೆಂದೂ, ಆ ಮನೆಯಲ್ಲಿ ಎರಡನೆಯ ಮಗುವು ಸುಖವಾಗಿ ಹುಟ್ಟಿತೆಂದೂ, ಗಂಡಲ್ಲದಿದ್ದರೂ ಹಿರಿಯರು ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡನ್ನು ಹಾರಿಸಿದರೆಂದೂ ನಮ್ಮ ನೆರೆಯವರು ತಿಳಿಸಿದರು.